ಅಡ್ಡ ಮಲಗಿದ ಎಂಟು

ಹೊಸಂಗಡಿಯ ರೈಲ್ವೆ ಗೇಟು ಬಿದ್ದಾಗ
ನನ್ನ ಅಂಗಡಿಯೆದುರು ನಿಲ್ಲುವ ಗಾಡಿಗಳ ಸಾಲಿನಿಂದ
ಇಳಿದು ಬಂದವನು ಸಿನಾನ್.
ಹೆಗಲಲ್ಲಿ ಆಳುದ್ದದ ಚೀಲ.
"ವಾರಿಜಕ್ಕ, ಇದೊಂದು ಹೊಲಿದು ಕೊಡಿ."

ಬಿಚ್ಚಿದರೆ ಬಟ್ಟೆ ಮುಗಿಯುವುದೇ ಇಲ್ಲ.
ಕಟ್ಟಿಂಗ್ ಮೇಜು ಮುಗಿಯಿತು, ನೆಲ ಮುಗಿಯಿತು,
ಹೊಸ್ತಿಲು ದಾಟಿ ಚರಂಡಿಯ ಹಾಸುಗಲ್ಲಿಗೂ ಕಿತ್ತಳೆ ಬಣ್ಣ.
ಹದಿನೇಳು ಚದರ ಮೀಟರ್ ಅಂದ,
ಕಡಲಲ್ಲಿ ಮನುಷ್ಯನನ್ನು ಎಳೆಯುವ ಪಟವಂತೆ,
ಗೋವಾದಲ್ಲಿ ಯಾರೋ ಬಿಟ್ಟುಹೋದದ್ದು, ಅರ್ಧ ಕ್ರಯಕ್ಕೆ.
ಮೂವತ್ತೊಂದು ವರ್ಷ ರವಿಕೆ ಹೊಲಿದ ಕೈ ನನ್ನದು.
ಈ ಬಟ್ಟೆಗೆ ನೂಲಿನ ಮೈಯಿಲ್ಲ,
ಮುಟ್ಟಿದರೆ ಹಪ್ಪಳದ ಸದ್ದು.

ಹರಿದಲ್ಲಿಗೆ ಹೊಂದುವ ತುಂಡು ಊರಲ್ಲೆಲ್ಲೂ ಸಿಗಲಿಲ್ಲ.
ಕಳೆದ ಮಳೆಗಾಲ ಯಾರೋ ಮರೆತುಹೋದ
ಕೊಡೆಯ ಬಟ್ಟೆ ಬಿಚ್ಚಿ ಕರಿ ತೇಪೆ ಹಾಕಿದೆ.
ಇಳಿದಲ್ಲೆಲ್ಲ ಸೂಜಿ ಒಂದು ತೂತು ಬಿಟ್ಟೇ ಏಳುತ್ತದೆ;
ಹೊಲಿಗೆ ಎಂದರೆ ಅದೇ ಅಲ್ಲವೆ,
ಕೂಡಿಸಲು ಹೋಗಿ ಚುಚ್ಚುವುದು.

"ದುಡ್ಡು ಬೇಡ ಮಗಾ, ಹಾರುವುದನ್ನು ನೋಡಬೇಕು."

ಹಾಗೆ ಕಣ್ವತೀರ್ಥದ ಮರಳಲ್ಲಿ, ಭಾನುವಾರ, ಮೂರೂವರೆಗೆ.
ಕಡಲು ಇಸ್ತ್ರಿ ಹಾಕಿ ಮಡಚಲು ಬಿಟ್ಟ ಹಾಗಿತ್ತು.
ಗಾಳಿ ನನ್ನ ಸೆರಗಿಗೂ ಸಾಲದು.
ಅವನು ಒಂದು ಹಿಡಿ ಮರಳು ಬಿಟ್ಟು ನೋಡಿದ,
ನೆಟ್ಟಗೆ ಬಿತ್ತು.
ಮತ್ತೊಮ್ಮೆ ಬಿಟ್ಟ, ಒಂದು ಬೆರಳು ಆಚೆ ಬಿತ್ತು.
"ಸಾಕು," ಅಂದ.
ಬಲೆ ಒಣಗಿಸುತ್ತಿದ್ದ ದೂಮಣ್ಣ ನಕ್ಕ:
"ಇಷ್ಟು ಗಾಳಿಗೆ ಬೀಡಿಯ ಹೊಗೆಯೂ ಆಚೆ ಹೋಗುವುದಿಲ್ಲ ಮಾರಾಯ."

ತುದಿ ಹಿಡಿದು ನಿಂತೆ. ತಲೆಯಾಡಿಸಿದ, ಬಿಟ್ಟೆ.
ಹೊಲಿದ ಬಟ್ಟೆ ನನ್ನ ಕೈಯಿಂದ ಹೀಗೆ ಹೋದದ್ದು ಅದೇ ಮೊದಲು,
ತೋಳು ಬಿಗಿ, ಕುತ್ತಿಗೆ ಸಡಿಲ ಎಂದು
ಒಂದೂ ದೂರು ಹೇಳದೆ.

ಹೋಗುವ ಮುಂಚೆ ಹೇಳಿಕೊಟ್ಟಿದ್ದ:
ಗಾಳಿ ಜೋರಿದ್ದರೆ ಪಟವನ್ನು ಒಂದು ಕಡೆ ನಿಲ್ಲಿಸಿದರಾಯಿತು,
ಇಲ್ಲದ ದಿನ ನಿಲ್ಲಿಸಲೇಬಾರದಕ್ಕ,
ಓಡಿ ಓಡಿ ಅದು ತನ್ನ ಗಾಳಿಯನ್ನು ತಾನೇ ಮಾಡಿಕೊಳ್ಳಬೇಕು.
ಮೇಲೆ ಎಂಟು ಬರೆಯುತ್ತಲೇ ಇರಬೇಕು,
ಅಡ್ಡ ಮಲಗಿದ ಎಂಟು.

ನಾನು ಎಂಟು ಕಲಿತದ್ದು ಕನ್ನಡ ಶಾಲೆಯಲ್ಲಿ.
ನಮ್ಮ ೮ ಬಾಯಿ ಮುಚ್ಚುವುದಿಲ್ಲ.
ಸಿನಾನ್ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಮಲಯಾಳಂ,
ದೂಮಣ್ಣನೊಡನೆ ತುಳು, ನನ್ನ ಹತ್ತಿರ ಕನ್ನಡ;
ಎಂಟು ಮಾತ್ರ ಇಂಗ್ಲಿಷಿನದು, ಎರಡು ಸೊನ್ನೆ ಕೈ ಹಿಡಿದದ್ದು.

ಬಾಗಿಲಿನಷ್ಟು ಅಗಲದ ಹಲಗೆ ನೀರಿನ ಮೇಲೆ ಹೊರಟಿತು.
ಹೊಸ ಬಟ್ಟೆಯಲ್ಲಿ ಕತ್ತರಿಯನ್ನು ಮುಚ್ಚದೆ, ತೆರೆಯದೆ
ಸುಮ್ಮನೆ ದೂಡಿದಾಗ ಬರುತ್ತದಲ್ಲ,
ಅದೇ ಸದ್ದು.
ನಾನು ಎಣಿಸಿದೆ. ನಾಲ್ಕು ಎಂಟು. ಏಳು ಎಂಟು.
ಪ್ರತಿ ಸಲ ನನ್ನ ಕರಿ ತೇಪೆ ಸೂರ್ಯನನ್ನು ಒಮ್ಮೆ ಮುಚ್ಚಿ ಬಿಡುತ್ತಿತ್ತು.
ದೂಮಣ್ಣನ ಬೀಡಿ ಆರಿ ಹೋಗಿತ್ತು.

ಹನ್ನೆರಡನೆಯದು ಅರ್ಧ ಬರೆದಿತ್ತು, ಅಷ್ಟೆ.
ಒಳಗೆ ಬರಲೋ ಬೇಡವೋ ಎಂದು
ಅಂಗಡಿ ಬಾಗಿಲಲ್ಲಿ ನಿಲ್ಲುವ ಗಿರಾಕಿಯಂತೆ
ಪಟ ನಿಂತಿತು.
ತೆರೆದ ಬಾಯಿ. ನಮ್ಮ ೮.
ಆಮೇಲೆ ಇಬ್ಬರು ಹಿಡಿದು ಹಾಸಿದ ಹೊದಿಕೆಯ ಹಾಗೆ
ಮೆಲ್ಲಗೆ ನೀರಿನ ಮೇಲೆ.

ಗಾಳಿಯಿಲ್ಲದೆ ಅದು ಮತ್ತೆ ಏಳುವುದಿಲ್ಲವಂತೆ.
ಮುಕ್ಕಾಲು ಗಂಟೆ ಈಜುತ್ತ ಎಳೆದು ತಂದ.
ಸೊಂಟಮಟ್ಟ ಇಳಿದು ದೂಮಣ್ಣನೂ ಕೈ ಹಾಕಿದ,
ನಗುವುದನ್ನು ಮರೆತು.

ನನ್ನ ತೇಪೆ ಬಿಟ್ಟಿರಲಿಲ್ಲ.
ಅದರ ಪಕ್ಕದಲ್ಲಿ ಕಂಪನಿಯ ಹೊಲಿಗೆ
ಗೇಣುದ್ದ ಬಾಯಿ ಬಿಟ್ಟಿತ್ತು.

"ಎಷ್ಟಾಯಿತು ಅಕ್ಕ?" ಉಸಿರೆಳೆಯುತ್ತ ಕೇಳಿದ.
ಕೂಲಿಯೋ ಎಂಟೋ, ನಾನು ವಿಚಾರಿಸಲಿಲ್ಲ.
"ಹನ್ನೊಂದೂವರೆ," ಎಂದೆ.
ಕುತ್ತಿಗೆಯಲ್ಲಿದ್ದ ಟೇಪು ತೆಗೆದು
ಒದ್ದೆ ಬಾಯಿಯ ಅಳತೆ ಹಿಡಿಯುವಾಗ
ಹಿಂದಿನಿಂದ ದೂಮಣ್ಣನ ಬಲೆ
ಒಮ್ಮೆ ಉಬ್ಬಿ ಇಳಿಯಿತು.