ನೇರ ಅಂದರೆ

ಮೂರು ದಿನದಿಂದ ಡ್ಯಾಶ್‌ಬೋರ್ಡಿನಲ್ಲಿ
ಜಾರುವ ಕಾರಿನ ಹಳದಿ ಚಿತ್ರ.
ಹೊಸೂರು ರಸ್ತೆಯಲ್ಲಿ ನೆಟ್ಟಗೆ ಹೋಗುತ್ತಿದ್ದರೂ
ಎಡಕ್ಕೆ ತಿರುಗುತ್ತಿದ್ದೀಯ ಅಂತ
ಒಂದೇ ಹಟ ಅದರದು.

ವಿಲ್ಸನ್ ಗಾರ್ಡನ್ ಹತ್ತನೇ ಕ್ರಾಸು. ಸಗಾಯರಾಜ್
ಬ್ಯಾಟರಿ ತಂತಿ ಬಿಚ್ಚಿ, 'ಹತ್ತು ನಿಮಿಷ ಸುಮ್ನಿರಮ್ಮ,
ಏರ್‌ಬ್ಯಾಗಿಗೆ ಇನ್ನೂ ಉಸಿರೈತೆ' ಅಂದ.
ಟೀ ತರಿಸಿದ. ಕುಡಿದೆವು.

ಹಾರ್ನಿನ ಮುಚ್ಚಳ, ನಟ್ಟು. ಆಮೇಲೆ
ನನ್ನ ಬ್ಯಾಗಿನ ನೇಲ್ ಪಾಲಿಶ್ ಇಸಕೊಂಡು
ದಂಡದ ಮೇಲೊಂದು ಕೆಂಪು ಗೆರೆ, ಸ್ಟೇರಿಂಗಿನ ಮೇಲೊಂದು:
'ಗುರುತಿಲ್ದೆ ಬಿಚ್ಚಿದ್ರೆ ಮನೆ ಹಾಳು.'
ಒಳಗಿಂದ ಬಂತು, ಚಕ್ಕುಲಿಯಷ್ಟಗಲದ
ಕಪ್ಪು ಪ್ಲಾಸ್ಟಿಕ್ ಬಳೆ.
ಏಳು ವರ್ಷ ನನ್ನ ಕೈ ತಿರುಗಿಸಿದ್ದನ್ನೆಲ್ಲ
ಗಾಡಿಗೆ ಚಾಡಿ ಹೇಳಿದ್ದು ಇದೇ:
ಸಿಲ್ಕ್ ಬೋರ್ಡಿನಲ್ಲಿ ಬಸ್ಸಿನ ಮೂತಿಗೆ ನುಸುಳಿದ್ದು,
ಸೇಂಟ್ ಜಾನ್ಸ್ ಆಸ್ಪತ್ರೆಯ ಗೇಟಿನವರೆಗೂ ಬಂದು
ಒಳಗೆ ಹೋಗದೆ
ಯು ಟರ್ನ್ ಹೊಡೆದದ್ದು.

ಹೊಸದು ಕೂತಿತು. ಇನ್ನು ಅದಕ್ಕೆ
ಸೊನ್ನೆ ಯಾವುದೆಂದು ಕಲಿಸಬೇಕಂತೆ.
ನೇರ ರಸ್ತೆ ಬೇಕು, ಗುಂಡಿ ಕೂಡದು, ಕೈ ಅಲುಗಕೂಡದು.
'ಈ ಊರಲ್ಲಾ?' ಅಂದೆ.
ಸ್ಪ್ಯಾನರಿನಿಂದ ಬೆನ್ನು ಕೆರೆದುಕೊಂಡು ಯೋಚಿಸಿದ.

ಮರುದಿನ ನಸುಕಿಗೆ ನೈಸ್ ರಸ್ತೆ. ಟೋಲು ನಾನೇ ಕೊಟ್ಟೆ.
ಮಡಿಲಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಪಕ್ಕ ಕೂತು
'ಹಿಡ್ಕೋಮ್ಮ. ಹಂಗೇ ಹಿಡ್ಕೋ.
ಏನೂ ಮಾಡ್ಬೇಡ' ಅಂದ.
ಏನೂ ಮಾಡದಿರುವುದಕ್ಕೆ ತೋಳು ನೋಯುತ್ತದೆಂದು
ಗೊತ್ತಿರಲಿಲ್ಲ.

ಹಳದಿ ಚಿತ್ರ ಮಿಟುಕಿತು, ಆರಿತು.
ನಾನು ಹಿಡಿತ ಸಡಿಲಿಸಲಿಲ್ಲ.
ಬನ್ನೇರುಘಟ್ಟದ ತಿರುವು ಹಿಂದೆ ಹೋಯಿತು,
ಅದರ ಮುಂದಿನದೂ.
ಸಗಾಯರಾಜ್ ವೈರು ಸುತ್ತುತ್ತ ಕೂತಿದ್ದ,
ಕೇಳಲಿಲ್ಲ.