ಅಂಕಿಯಿಲ್ಲದ ಅಕ್ಷರ

ಶುಕ್ರವಾರ ನಮಗೆ ನಾಲ್ಕೂವರೆ ಅಂದರೆ
ಅಲ್ಲಿ ಮಟಮಟ ಮಧ್ಯಾಹ್ನ ಹನ್ನೆರಡು.
ಮೊದಲ ಪಾಳಿ ಬಿಟ್ಟು, ಕೂದಲಿಗಂಟಿದ ಹತ್ತಿಯ ಸಮೇತ
ಹೊನ್ನೂರಮ್ಮ ಬಂದು ನಿಲ್ಲುತ್ತಿದ್ದಳು
ಟೆಲೆಕ್ಸ್ ರೂಮಿನ ಹೊಸ್ತಿಲಾಚೆ,
ಚಪ್ಪಲಿ ಕೈಯಲ್ಲಿ ಹಿಡಿದು.

ಗಂಡ ಓಬಳೇಶ, ರಿಂಗ್‌ಫ್ರೇಮ್ ಫಿಟ್ಟರ್.
ಮಿಲ್ಲಿನವರೇ ಕಳಿಸಿದ್ದು ಕಡೂನಾಕ್ಕೆ, ಎರಡು ವರ್ಷದ ಕರಾರು.
"ಕಡೂರಿಂದ ಆಚಿಗೇನಕ್ಕಾರೆ?" ಮೊದಲ ದಿನ ಕೇಳಿದ್ದಳು.
ಡೈರಿಯ ಹಿಂದಿನ ನಕ್ಷೆ ಬಿಚ್ಚಿ ತೋರಿಸಿದೆ.
ಬೆರಳಲ್ಲಿ ಅಳೆದಳು. ಅರ್ಧ ಗೇಣೂ ಆಗಲಿಲ್ಲ.
"ಇಷ್ಟೇನಾ" ಅಂದಳು.

ಸ್ಪಿಂಡಲ್ ಇಷ್ಟು, ಬಾಬಿನ್ ಅಷ್ಟು, ಬೇರಿಂಗ್ ಇನ್ನೂ ಬಂದಿಲ್ಲ,
ಆ ಪಟ್ಟಿಯ ಬಾಲಕ್ಕೆ ಅವನದೊಂದು ಸಾಲು.
ಕನ್ನಡವೇ, ಆದರೆ ಇಂಗ್ಲಿಷಿನ ಅಂಗಿ ತೊಟ್ಟ ಕನ್ನಡ.
ದೀರ್ಘವಿಲ್ಲ. ಲಕಾರ ಳಕಾರ ಎರಡೂ ಒಂದೇ.
ತರುತ್ತೇನೆ ಅಂದದ್ದು ಬಳೆಯೋ ಬಾಳೆಯೋ ಬಲೆಯೋ?
"ಬಳೀನೇ ಅಂತ ಓದ್ರಿ" ಅಂದಳು,
"ಬಲೀ ತಂದು ನಾ ಏನ್ ಮಾಡ್ಲಿ."

ಒಮ್ಮೊಮ್ಮೆ ದಾರಿಯಲ್ಲಿ ಏನೋ ತಪ್ಪಿ
ಸಾಲಿಡೀ ಅಂಕಿಯಾಗಿ ಬರುತ್ತಿತ್ತು.
ದುಡ್ಡಿನ ಲೆಕ್ಕವೆಂದು ಹಿಗ್ಗಿದ್ದಳು ಪಾಪ.
ಇಲ್ಲ ತಾಯಿ, ಯಂತ್ರಕ್ಕೆ ಅಕ್ಷರ ಮರೆತಿದೆ, ಅಷ್ಟೆ.
ಈ ಒಂಬತ್ತು ಇದೆಯಲ್ಲ, ಇದು ಓ.
ಪ್ರಶ್ನೆ ಚಿಹ್ನೆ ಬ. ಮೂರು ಅಂದರೆ ಏ.
ಕೂಡಿಸಿದರೆ ನಿನ್ನ ಗಂಡ.
"ನಂದು?"
ಹುಡುಕಿದೆ. ಅವಳ ಮೊದಲಕ್ಷರದ ಕೀಲಿಗೆ
ಆ ಕಡೆ ಏನೂ ಇರಲಿಲ್ಲ. ಖಾಲಿ.
"ಇರ್ಲಿ ಬಿಡ್ರಿ" ಅಂದಳು.

ಇನ್ನೊಂದು ಕೀಲಿಯ ಹಿಂದೆ ಮಾತ್ರ ಗಂಟೆ ಇತ್ತು.
ಇಲ್ಲಿ ಒತ್ತಿದರೆ ಅಲ್ಲಿ ಟಿಣ್,
ಅಲ್ಲಿ ಒತ್ತಿದರೆ ಇಲ್ಲಿ.
ಅವನು ನಾಲ್ಕು ಬಡಿಯುತ್ತಿದ್ದ, ಮೊಳೆ ಹೊಡೆದ ಹಾಗೆ ಸಮಸಮ.
ಇವಳು ಸೆರಗಿಗೆ ಬೆರಳು ಒರೆಸಿ
ಒಂದು, ಎರಡು,
ಆಮೇಲೆ ಸುಮ್ಮನೆ ನಿಂತು, ಮೂರು.
ಬಿಲ್ಲಿನಲ್ಲಿ ಆ ನಿಲುಗಡೆಗೂ ದುಡ್ಡು.
ಶೆಟ್ಟರು ಕೇಳಿದಾಗ ಲೈನ್ ಸರಿಯಿರಲಿಲ್ಲ ಅಂದೆ.

ಶ್ರಾವಣದಲ್ಲಿ ಒಂದು ವಾರ ಅವಳು ಬರಲಿಲ್ಲ.
ಜಗಳೂರಿಗೆ ಹೋಗಿದ್ದಾಳೆಂದರು ಪಾಳಿಯವರು, ಯಾಕೆಂದು ಹೇಳಲಿಲ್ಲ.
ನಾಲ್ಕೂವರೆಗೆ ಬಂತು, ಟಿಣ್ ಟಿಣ್ ಟಿಣ್ ಟಿಣ್.
ರೂಮಿನಲ್ಲಿ ಫ್ಯಾನು, ನಾನು, ಉದ್ದಕ್ಕೆ ಜೋತ ಕಾಗದ.
ಕಾಯುತ್ತಿದ್ದಾನೆ ಅನ್ನುವುದು ಹೇಗೆ ಕೇಳಿಸುತ್ತದೋ ಗೊತ್ತಿಲ್ಲ,
ಕೇಳಿಸಿತು.
ನಾನೇ ಒತ್ತಿದೆ. ಒಂದು, ಎರಡು, ಮೂರು.
ನಿಲ್ಲುವುದನ್ನು ಮರೆತೆ.

ಕರಾರು ಮುಗಿಸಿ ಬಂದವನು
ಆಫೀಸಿಗೆ ಪೇಡೆ ಹಂಚಲು ಬಂದ, ಅವಳೂ ಇದ್ದಳು,
ಕೈತುಂಬ ಬಳೆ.
ಯಂತ್ರವನ್ನು ಹಸುವಿನ ಬೆನ್ನು ಸವರಿದಂತೆ ಸವರಿ
ಅವಳತ್ತ ತಿರುಗಿ ಕೇಳಿದ:
"ಶ್ರಾವಣದಾಗ ಒಂದಿನ ನಿನ್ನ ಬಳ್ಳು ಬ್ಯಾರೆ ಥರ ಇತ್ತು.
ಹುಷಾರಿರಲಿಲ್ಲೇನು?"

ಅವಳು ನನ್ನನ್ನು ನೋಡಿದಳು.
ನಾನು ಹೊಸ ಕಾಗದದ ಸುರುಳಿ ಹಾಕುತ್ತಿದ್ದೆ,
ಹಳೆಯದು ಇನ್ನೂ ಮುಗಿದಿರಲಿಲ್ಲ.

"ಹೂಂ" ಅಂದಳು.
"ಜ್ವರ ಬಂದಿತ್ತು. ಒಂದೇ ದಿನ."