ಎಡಚ ಖಜಾಂಚಿ

ಬಲಗೈ ಕೊಟ್ಟದ್ದನ್ನು ಎಡಗೈಗೆ ಹೇಳಬಾರದೆಂದು
ಪಾಸ್ಟರು ಬೋಧಿಸಿದಾಗಲೆಲ್ಲ
ಚಾಪೆಯ ಮೇಲಿನ ಹುಡುಗರು ತಿರುಗಿ
ನನ್ನನ್ನು ನೋಡಿ ಕಿಸಕ್ಕೆನ್ನುತ್ತಾರೆ.
ನಾನು ಎಡಚ.
ಭಾಲ್ಕಿ ರಸ್ತೆಯ ಈ ಕೆಂಪುಕಲ್ಲಿನ ಚರ್ಚಿನ
ಹದಿನೇಳು ವರ್ಷದ ಲೆಕ್ಕವೆಲ್ಲ ಈ ಕೈಯದೇ.
ಬರೆದಂತೆಲ್ಲ ಹಸಿ ಮಸಿ ಅಂಗೈ ಅಂಚಿಗೆ ಹತ್ತಿ
ಊರವರ ಔದಾರ್ಯ
ಸೋಮವಾರದತನಕ ನನ್ನ ಕಿರುಬೆರಳಲ್ಲಿ ನೀಲಿಗಟ್ಟಿರುತ್ತದೆ.

ಆರಾಧನೆ ಮುಗಿದ ಮೇಲೆ, ಒಳಕೋಣೆಯಲ್ಲಿ
ಮಖಮಲ್ಲಿನ ಚೀಲ ಬೋರಲು ಹಾಕುತ್ತೇನೆ.
ಅಂಗಡಿಯವ ಒಲ್ಲೆನೆಂದ ಹರಕು ಹತ್ತು
ಇಲ್ಲಿ ಬಂದು ಬೀಳುತ್ತದೆ,
ಯೇಸು ಬೇಡವೆನ್ನಲಾರ ಎಂಬ ನಂಬಿಕೆ.
ಅದೂ ನಂಬಿಕೆಯೇ.
ಒಂದು ಅಂಗಿಗುಂಡಿ.
ಔರಾದದ ಬಸ್ ಟಿಕೀಟು, ಹಿಂದುಗಡೆ ಪೆನ್ಸಿಲ್ಲಿನಲ್ಲಿ
‘ನಮ್ಮಪ್ಪ ಕುಡಿಯೋದು ಬಿಡಲಿ.’
ಜಮೆಯೋ ಖರ್ಚೋ, ಇದನ್ನು ಯಾವ ಕಡೆ ಬರೆಯಲಿ?
ರೊಟ್ಟಿ ಬಡಿಯುವ ಮುನ್ನ ದಿನಾ ಹಿಡಿ ಜೋಳ ತೆಗೆದಿಟ್ಟು
ಪ್ರೇಮಲಮ್ಮ ತಂದ ಡಬ್ಬಿ,
ಮುಚ್ಚಳದಲ್ಲಿ ಎರಡು ನುಸಿ.

ತಲೆಯ ಮೇಲೆ ಗುತ್ತೇದಾರ ಸ್ವಾಮಿದಾಸನ ಫ್ಯಾನು.
ಮೂರು ರೆಕ್ಕೆ, ಮೂರು ಹೆಸರು: ಅಪ್ಪ, ಅವ್ವ, ತಾನು.
ತಿರುಗುವಾಗ ಯಾರೂ ಇಲ್ಲ, ಬರೀ ಗಾಳಿ.
ಕರೆಂಟು ಹೋದರೆ ಒಬ್ಬೊಬ್ಬರೇ ಪ್ರತ್ಯಕ್ಷ.
ನಕ್ಕಿದ್ದೇನೆ ಬಹಳ ಸಲ, ಅದೇ ಗಾಳಿಗೆ ಮೈಯೊಡ್ಡಿ.
ನಾನಾದರೂ ಕೊಟ್ಟದ್ದೇನು?
ಮಂದಿಯದನ್ನು ಎಣಿಸೀ ಎಣಿಸೀ
ಕೊಟ್ಟೆನೆಂದೇ ತಿಳಿದಿದ್ದೆ.

ಒಂದು ಭಾನುವಾರ ಬಾಗಿಲಲ್ಲಿ ದೀನಮ್ಮ,
ಸಾಲಿಯಲ್ಲಿ ಬಿಸಿಯೂಟ ಮಾಡುವಾಕೆ.
“ಸರ್, ಹತ್ತು ಹಾಕ್ಲಾಕ ಹೋಗಿ ಐದುನೂರು ಹಾಕೀನಿ ಕಾಣ್ತದ.
ಪ್ರಾರ್ಥನಾದಾಗ ಕಣ್ಣು ಮುಚ್ಚಿದ್ದೆ ನೋಡ್ರಿ.
ಗ್ಯಾಸಿನ ರೊಕ್ಕರೀ ಅದು.”
ಚೀಲದಲ್ಲಿ ಐದುನೂರರ ನೋಟು ಎರಡಿದ್ದವು.
ಎರಡರಲ್ಲೂ ಅದೇ ಮುದುಕನ ಅದೇ ನಗು.
ಕಾರ್ಯದರ್ಶಿ ಸೈಮನ್ನಪ್ಪ ಚಹಾದ ಬಸಿ ಕೆಳಗಿಟ್ಟು,
“ಚೀಲಕ್ಕೆ ಬಿದ್ದದ್ದು ಕರ್ತನದು” ಅಂದ.
ಕಮಿಟಿ ಹೂಂ ಅಂದಿತು.

ಗೇಟಿನ ಹೊರಗೆ, ಬೇವಿನ ಮರದ ಹತ್ತಿರ ಆಕೆಯನ್ನು ಹಿಡಿದೆ.
ನಾಲ್ಕು ನೂರು, ಒಂದು ಐವತ್ತು, ಎರಡು ಇಪ್ಪತ್ತು.
“ಲೆಕ್ಕ ಸರಿ ಮಾಡ್ಯಾರ, ತಗೋವಾ.”
ಸುಳ್ಳು. ನನ್ನದೇ ಜೇಬು.
ಕೊಟ್ಟರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ.
ನನಗೆ ಹಾಗೇನಾಗಲಿಲ್ಲ.
ಮನೆತನಕ ನಾಲ್ಕುನೂರಾ ತೊಂಬತ್ತು
ನಾಲ್ಕುನೂರಾ ತೊಂಬತ್ತು ಎಂದೇ ಚಪ್ಪಲಿ ಬಡಿದವು.
ಹೆಂಡತಿಗೆ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ,
ಮೂರು ಸಲವೂ
ಸಾರಿಗೆ ಉಪ್ಪು ಕಡಿಮೆ ಅಂದೆ.

ಮುಂದಿನ ವಾರ ಮತ್ತೆ ದೀನಮ್ಮ, ಓಡುತ್ತಾ.
“ನೋಟು ಸಿಕ್ತ್ರೀ ಸರ್!
ಹಾಡಿನ ಪುಸ್ತಕದ ರಟ್ಟಿನಾಗಿತ್ತು. ಹತ್ತೇ ಹಾಕೀನಿ ನಾ.”
ಮೇಜಿನ ಮೇಲೆ ನಾಲ್ಕು ನೂರು, ಒಂದು ಐವತ್ತು, ಎರಡು ಇಪ್ಪತ್ತು,
ಸೆರಗಿನ ಗಂಟಿನ ಸುಕ್ಕು ಸಮೇತ.
ಚೀಲಕ್ಕೆ ಹಾಕಿಬಿಡು ಅಂದೆ.
“ನಂದಲ್ಲದ್ದು ನಾ ಹ್ಯಾಂಗ ಹಾಕ್ಲಿ?
ಯಾರದ ಹೇಳ್ರಿ.”

ಪುಸ್ತಕ ತಿರುವಿದೆ, ಹುಡುಕುವವನಂತೆ.
ಹೋಗಿದ್ದು ಬರೆದಿಲ್ಲ, ಬಂದದ್ದು ಹೇಗೆ ಬರೆಯಲಿ?
ಅಷ್ಟರಲ್ಲಿ ಕರೆಂಟು ಹೋಯಿತು.
ಗಾಳಿ ಸಣ್ಣಗಾಯಿತು.
ಅಪ್ಪ, ಅವ್ವ, ಸ್ವಾಮಿದಾಸ
ಸುತ್ತಿ ಸುತ್ತಿ ಬಂದು ನಿಂತರು.
ಆಕೆ ಮೇಲೆ ನೋಡಿದಳು.
ಆಮೇಲೆ ನನ್ನ ಮುಖ ನೋಡಿದಳು,
ಒಂದು ಒಗ್ಗರಣೆ ಸೀಯುವಷ್ಟು ಹೊತ್ತು.

“ಓ” ಅಂದಳು ದೀನಮ್ಮ.

ಮಸಿ ಹತ್ತಿದ ಎಡಗೈಯನ್ನು
ಬೆನ್ನ ಹಿಂದೆ ಬಚ್ಚಿಟ್ಟೆ.